ಸತ್ಯಾಂಶ: ಮೂರು ಪ್ರತಿಗಳಿದ್ದರೆ ಬ್ಯಾಕಪ್ ಬೇಡವೇ?

ಒಂದರಲ್ಲಿ ಆದ ಬದಲಾವಣೆ ಉಳಿದವುಗಳಲ್ಲೂ ಕೂಡಲೇ ಆಗುವಂತಹ ದತ್ತಾಂಶದ ಪ್ರತಿಗಳು ಮೂರು ಸರ್ವರ್‌ಗಳಲ್ಲಿದ್ದರೆ ಬ್ಯಾಕಪ್ (ಹಿಂದಿನ ಸ್ಥಿತಿಯನ್ನು ಹಾಗೆಯೇ ಪ್ರತ್ಯೇಕವಾಗಿ ತೆಗೆದಿಟ್ಟ ನಕಲು) ಬೇಕಿಲ್ಲ ಎಂಬ ಸಂದೇಶ ಮತ್ತೆ ಮತ್ತೆ ಹರಿದಾಡುತ್ತಿದೆ. ಇದು ಸರಿಯಲ್ಲ. ಡಿಸ್ಕ್ ಕೆಟ್ಟಾಗ ಪ್ರತಿಗಳು ನಿಜಕ್ಕೂ ಕಾಪಾಡುವುದರಿಂದ ಹೀಗೆ ನಂಬುವುದು ಸಹಜವೇ. ಆದರೆ ಇಬ್ಬರು 100 ರೂಪಾಯಿಯ ಒಂದೇ ಶಿಲ್ಕನ್ನು ಏಕಕಾಲಕ್ಕೆ ಓದಿ, ಒಬ್ಬರು 10 ಸೇರಿಸಿ ಬರೆದ ಮೇಲೆ ಇನ್ನೊಬ್ಬರು ಹಳೆಯ ಮೊತ್ತಕ್ಕೇ 20 ಸೇರಿಸಿ ಬರೆದರೆ, ತಂತ್ರಾಂಶದಲ್ಲಿ ತಡೆಯಿಲ್ಲದಿದ್ದಾಗ 130ರ ಬದಲು 120 ಉಳಿದು, ಆ ತಪ್ಪು ಮೊತ್ತವೇ ಮೂರೂ ಕಡೆ ನಕಲಾಗುತ್ತದೆ. ಇದಕ್ಕೆ ಪರಿಹಾರ ನಾಲ್ಕನೆಯ ಪ್ರತಿಯಲ್ಲ, ಓದಿದ ನಂತರ ಮೌಲ್ಯ ಬದಲಾಗಿಲ್ಲದಿದ್ದರೆ ಮಾತ್ರ ಬರೆಯಲು ಬಿಡುವ ಪರಿಶೀಲನೆ. ಅಳಿಸುವ ಆದೇಶವೂ ಎಲ್ಲ ಪ್ರತಿಗಳಿಗೆ ತಲುಪುತ್ತದೆ; ಆಗ ಅಳಿದದ್ದನ್ನು ಮರಳಿ ಪಡೆಯಲು ಬ್ಯಾಕಪ್ ಬೇಕು.

ನೀವೇ ಪರೀಕ್ಷಿಸಬಹುದು: ಪ್ರಾಯೋಗಿಕ ವ್ಯವಸ್ಥೆಯಲ್ಲಿ ಒಂದು ಕಡತವನ್ನು ಅಳಿಸಿ, ಉಳಿದ ಸರ್ವರ್‌ಗಳಲ್ಲಿ ಅದನ್ನು ಹುಡುಕಿ, ಬಳಿಕ ಬ್ಯಾಕಪ್‌ನಿಂದ ಮರಳಿ ಪಡೆದು, ತೆರೆದು ನೋಡಿ.