ಗುರುವಾರ ಮೂರು ಗಂಟೆಗೆ ಎಲ್ಲರೂ ಹೊಸದಾಗಿ ಯೋಚಿಸತಕ್ಕದ್ದು

ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ಈಗ ಇನ್ನೋವೇಶನ್ ವೀಕ್ ಸೀಸನ್. ಗಣೇಶನ ಹಬ್ಬಕ್ಕೆ ಹುಡುಗರು ಚಂದಾ ಎತ್ತುವ ಹಾಗೆ ಮ್ಯಾನೇಜರುಗಳು ತಲೆಗೆ ಇಷ್ಟು ಅಂತ ಐಡಿಯಾ ಎತ್ತುತ್ತಾರೆ. ಕೊಡದವರನ್ನು ಅಪ್ರೈಸಲ್‌ನಲ್ಲಿ ನೋಡಿಕೊಳ್ಳುತ್ತಾರೆ. ನಮ್ಮಲ್ಲಿಗೂ ಮೇಲ್ ಬಂತು: "ಸ್ವಂತ ಇಷ್ಟದಿಂದ ಭಾಗವಹಿಸಿ. ಹಾಜರಿ ಕಡ್ಡಾಯ."

ಕಾನ್ಫರೆನ್ಸ್ ರೂಮಿನ ಗೋಡೆ ತುಂಬ ಹಳದಿ ಅಂಟುಚೀಟಿ. ಸಂಜೆಯಾಗುವಷ್ಟರಲ್ಲಿ ಏಸಿ ಗಾಳಿಗೆ ಅರ್ಧ ಉದುರಿರುತ್ತವೆ, ಹೌಸ್‌ಕೀಪಿಂಗ್ ಅಕ್ಕ ಗುಡಿಸಿ ಹಾಕುತ್ತಾರೆ. ಮೊದಲ ಸುತ್ತಿನ ಆಯ್ಕೆ ಅಲ್ಲಿಗೆ ಮುಗಿಯಿತು. ನಿಜ ಹೇಳಬೇಕೆಂದರೆ ಎರಡನೇ ಸುತ್ತಿಗಿಂತ ಅದೇ ಹೆಚ್ಚು ನ್ಯಾಯವಾಗಿರುತ್ತದೆ.

ಆ ಚೀಟಿಗೂ ಒಂದು ಕಥೆ ಇದೆ. 1968ರಲ್ಲಿ ಅಮೆರಿಕದ 3ಎಂ ಕಂಪನಿಯ ಸ್ಪೆನ್ಸರ್ ಸಿಲ್ವರ್ ಗಟ್ಟಿ ಅಂಟು ಮಾಡಲು ಹೋಗಿ, ಹಿಡಿದೂ ಹಿಡಿಯದ ಅಂಟು ಮಾಡಿಬಿಟ್ಟರು. ವರ್ಷಗಟ್ಟಲೆ ಅದನ್ನು ಏನು ಮಾಡಬೇಕೆಂದೇ ಯಾರಿಗೂ ಹೊಳೆಯಲಿಲ್ಲ. ಕೊನೆಗೆ ಅದೇ ಕಂಪನಿಯ ಆರ್ಟ್ ಫ್ರೈ, ಚರ್ಚಿನ ಹಾಡಿನ ಪುಸ್ತಕದಿಂದ ಗುರುತಿನ ಚೀಟಿ ಜಾರಿ ಬೀಳುವ ಕಾಟಕ್ಕೆ ಆ ಅಂಟನ್ನು ಬಳಸಿ ನೋಡಿದರು. ಅಮೆರಿಕದ ಎಲ್ಲ ಕಡೆ ಅದು ಅಂಗಡಿಗೆ ಬಂದದ್ದು 1980ರಲ್ಲಿ. ಹನ್ನೆರಡು ವರ್ಷ! ನಮ್ಮಲ್ಲಾಗಿದ್ದರೆ ಸಿಲ್ವರ್ ಸಾಹೇಬರಿಗೆ 1969ರ ಏಪ್ರಿಲ್‌ಗೇ "ನಿರೀಕ್ಷೆಗಿಂತ ಕಡಿಮೆ" ಅಂತ ರೇಟಿಂಗ್ ಬಂದಿರುತ್ತಿತ್ತು. ನಮ್ಮ ಹ್ಯಾಕಥಾನ್‌ಗೆ, ಅಂದರೆ ಕೂತಲ್ಲೇ ಹೊಸದೇನಾದರೂ ಮಾಡಿ ತೋರಿಸುವ ಸ್ಪರ್ಧೆಗೆ, ಕೊಡುವುದು 24 ಗಂಟೆ, ಆರಿದ ಪಿಜ್ಜಾ ಮತ್ತು ಯಾರ ಅಳತೆಗೂ ಬರದ ಒಂದು ಟೀ ಶರ್ಟು. ಅದರ ಮೇಲೆ "ಸೋಲಲು ಹೆದರಬೇಡಿ" ಅಂತ ಬರೆದಿರುತ್ತದೆ. ಅದನ್ನು ನಂಬಿ ಸೋತವನ ಐಡಿ ಕಾರ್ಡಿಗೆ ಮಾರನೇ ತಿಂಗಳು ಗೇಟು ತೆರೆಯುವುದಿಲ್ಲ.

ಭಾಷಣದ ಪಿಪಿಟಿಯಲ್ಲಿ ಕೊಡಾಕ್ ಇರಲೇಬೇಕು. 1975ರಲ್ಲಿ ಅಲ್ಲಿನ ಎಂಜಿನಿಯರ್ ಸ್ಟೀವ್ ಸ್ಯಾಸನ್ ಡಿಜಿಟಲ್ ಕ್ಯಾಮೆರಾ ಮಾಡಿದರು. ಮೂರೂವರೆ ಕಿಲೋಗೂ ಜಾಸ್ತಿ ತೂಕ, ಒಂದು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡು. ಫಿಲ್ಮ್ ಮಾರಿ ಬದುಕುತ್ತಿದ್ದ ಕಂಪನಿಗೆ ಅದು ಬೇಡವಾಯಿತು. 2012ರಲ್ಲಿ ಕೊಡಾಕ್ ದಿವಾಳಿ ಅರ್ಜಿ ಹಾಕಿತು. ಇಲ್ಲಿಗೆ ಬಂದಾಗ ಇಡೀ ರೂಮು "ಛೆ, ಎಂಥ ದಡ್ಡರು" ಅಂತ ತಲೆ ಆಡಿಸುತ್ತದೆ. ಮುಂದಿನ ಸ್ಲೈಡ್: ನಮ್ಮಲ್ಲಿ ಐಡಿಯಾ ಒಪ್ಪಿಗೆ ಪಡೆಯುವ ಹದಿನಾಲ್ಕು ಹಂತಗಳು.

ಈ ಸಲ ಮೊದಲ ಬಹುಮಾನ ಯಾವ ಮೀಟಿಂಗ್ ರೂಮು ಖಾಲಿ ಇದೆ ಅಂತ ಹೇಳುವ ಎಐ ಚಾಟ್‌ಬಾಟ್‌ಗೆ. ಒಂದೂ ಖಾಲಿ ಇರುವುದಿಲ್ಲ. ಎಲ್ಲವನ್ನೂ ಇನ್ನೋವೇಶನ್ ಸಮಿತಿಯೇ ಬುಕ್ ಮಾಡಿಟ್ಟಿದೆ.

ಕಂಪನಿಯವರೆಲ್ಲ ಸೇರುವ ಟೌನ್‌ಹಾಲ್ ಸಭೆಯಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಎದ್ದು ನಿಂತಳು. ಪಾಪ, ಯಾರೂ ತಡೆಯಲಿಲ್ಲ.

"ಸರ್, ರಾತ್ರಿ ಪಾಳಿಯ ಕ್ಯಾಬ್ ಬಿಲ್ ಪಾಸಾಗೋಕೆ ಏಳು ಜನರ ಒಪ್ಪಿಗೆ ಬೇಕು. ಎರಡಕ್ಕೆ ಇಳಿಸಬಹುದಲ್ವಾ?"

ಸಾಹೇಬರು ನಕ್ಕರು. "ತುಂಬಾ ಒಳ್ಳೆ ಪ್ರಶ್ನೆ ಮ್ಮಾ. ಆದ್ರೆ ಇದ್ರಲ್ಲಿ ಎಐ ಎಲ್ಲಿದೆ?"

ಆದರೂ ಕೈಬಿಡಲಿಲ್ಲ. ಸಮಿತಿ ಕೂತಿತು, ಮೂರು ತಿಂಗಳು ಚರ್ಚಿಸಿತು, ಬಿಲ್ ಪಾಸ್ ಮಾಡುವ ಪದ್ಧತಿಯನ್ನೇ ಬದಲಾಯಿಸಿತು. ಈಗ ಎಂಟು ಜನರ ಒಪ್ಪಿಗೆ ಬೇಕು. ಎಂಟನೆಯವರು ಇನ್ನೋವೇಶನ್ ಮುಖ್ಯಸ್ಥರು.