ಡಿಕ್ಕಿಯಲ್ಲಿ ನೈಟ್ರಸ್ ಬಾಟಲಿ: ಇರಲಾ, ಬೇಡವಾ?

ಪರ
(ಮೆಕ್ಯಾನಿಕಲ್ ಎಂಜಿನಿಯರಿಂಗ್ ಪಾಠ ಹೇಳುವವರು, ಧಾರವಾಡ)

ಕಾರಿನ ಓಟ ಹೆಚ್ಚಿಸಲು ಡಿಕ್ಕಿಯಲ್ಲಿ ನೈಟ್ರಸ್ ಆಕ್ಸೈಡ್ ಬಾಟಲಿ ಇಟ್ಟು ಎಂಜಿನ್ನಿಗೆ ಆ ಗ್ಯಾಸ್ ಬಿಡುವುದು ಸರಿಯೋ ತಪ್ಪೋ ಎಂಬ ಚರ್ಚೆಯಲ್ಲಿ ನನ್ನ ಪಾಲಿಗೆ ಬಂದದ್ದು ಪರ. ನಾನು ಓಡಿಸುವುದು ಹನ್ನೆರಡು ವರ್ಷದ ಹಳೇ ಕಾರು, ಅದೂ ಚಿಗರಿ ಬಸ್ ತಪ್ಪಿದ ದಿನ ಮಾತ್ರ. ಆದರೂ ವಿಜ್ಞಾನ ಹೇಳಲಿಕ್ಕೆ ಏನಡ್ಡಿ, ಅಲ್ವಾ?

ನೈಟ್ರಸ್ ಆಕ್ಸೈಡ್ ತಾನಾಗಿ ಉರಿಯುವ ಅನಿಲ ಅಲ್ಲ. ಆಸ್ಪತ್ರೆಯಲ್ಲಿ ಅರಿವಳಿಕೆಗೆ ಬಳಸುವ ನಗೆ ಅನಿಲ ಇದೇ. ಎಂಜಿನ್ ಒಳಗಿನ ಕಾವಿಗೆ ಒಡೆದು ಆಮ್ಲಜನಕ ಬಿಡುತ್ತದೆ. ತೂಕದ ಲೆಕ್ಕದಲ್ಲಿ ಗಾಳಿಯಲ್ಲಿ ಆಮ್ಲಜನಕ ಶೇ. 23, ಇದರಲ್ಲಿ ಶೇ. 36. ಆಮ್ಲಜನಕ ಹೆಚ್ಚಾದರೆ ಪೆಟ್ರೋಲನ್ನೂ ಜಾಸ್ತಿ ಸುಡಬಹುದು, ಎಂಜಿನ್ನಿಗೆ ಶಕ್ತಿಯೂ ಜಾಸ್ತಿ. ಜೊತೆಗೆ ಬಾಟಲಿಯ ದ್ರವ ಆವಿಯಾಗುವಾಗ ಒಳಹೋಗುವ ಗಾಳಿ ತಣ್ಣಗಾಗಿ ದಟ್ಟವಾಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ವಿಮಾನಗಳು ಗಾಳಿ ತೆಳುವಾದ ಎತ್ತರದಲ್ಲಿ ಇದನ್ನು ಬಳಸಿದ್ದವು.

ಗುಂಡಿ ಒತ್ತಿದಾಗ ಮಾತ್ರ ಇದರ ಕೆಲಸ. ಉಳಿದ ಹೊತ್ತು ಕಾರು ಮೊದಲಿದ್ದ ಹಾಗೆಯೇ. ಗ್ಯಾಸಿಗೆ ತಕ್ಕ ಪೆಟ್ರೋಲನ್ನೂ ಕೊಡುವ ವೆಟ್ ಕಿಟ್ ಹಾಕಿ, ಆಕ್ಸಿಲರೇಟರ್ ಪೂರ್ತಿ ತುಳಿದು ಎಂಜಿನ್ ಸುತ್ತುವ ವೇಗ (ಆರ್‌ಪಿಎಂ) ಏರಿದ ಮೇಲೆಯೇ ವಾಲ್ವ್ ತೆರೆಯುವಂತೆ ಸ್ವಿಚ್ ಇಟ್ಟರೆ, ಸಣ್ಣ ಡೋಸನ್ನು ಎಷ್ಟೋ ಎಂಜಿನ್‌ಗಳು ತಾಳಿಕೊಳ್ಳುತ್ತವೆ. ತಪ್ಪು ಗ್ಯಾಸಿನದಲ್ಲ, ಕೂಡಿಸಿದವನದು.

ಇದೆಲ್ಲ ರೇಸ್ ಟ್ರ್ಯಾಕಿನ ಮಾತು ಅಂತಲೂ ಸೇರಿಸಿಬಿಡುತ್ತೇನೆ. ಟ್ರ್ಯಾಕಿಗೆ ಕೊಯಮತ್ತೂರಿಗೋ ಚೆನ್ನೈಗೋ ಹೋಗಬೇಕು, ಅದು ಬೇರೆ. ನನ್ನ ಮಗ ಕೇಳಿದರೆ ಕೊಡಿಸುತ್ತೀರಾ ಎಂದರೆ, ಅವನಿನ್ನೂ ಆರನೇ ಕ್ಲಾಸು.

ವಿರೋಧ
(ಗ್ಯಾರೇಜ್ ಮಾಲೀಕರು, ಗೋಕುಲ ರಸ್ತೆ, ಹುಬ್ಬಳ್ಳಿ)

ಸರ್ ಬರೆದದ್ದನ್ನು ನನಗೆ ಮೊದಲೇ ತೋರಿಸಿದರು. ಛಲೋ ಬರೆದಿದ್ದಾರೆ. ಯುದ್ಧವಿಮಾನ ಇದ್ದವರು ಹಾಕಿಸಿಕೊಳ್ಳಲಿ, ನನ್ನ ತಕರಾರಿಲ್ಲ.

ನನ್ನಲ್ಲಿಗೆ ಎಳೆದುಕೊಂಡು ಬಂದ ಒಂದು ಕಾರಿನ ಕಥೆ ಹೇಳುತ್ತೇನೆ. ನಾಲ್ಕು ಸಿಲಿಂಡರಿನ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಹುಡುಗನ ತಂದೆಗೆ ಅಮರಗೋಳ ಎಪಿಎಂಸಿಯಲ್ಲಿ ದಲಾಲಿ ಅಂಗಡಿ. ಮೂರನೇ ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ತುದಿಯೇ ಇಲ್ಲ. ಉಳಿದ ಮೈಮೇಲೆ ಸಾಸಿವೆ ಕಾಳಿನಷ್ಟು ಬೆಳ್ಳನೆಯ ಹನಿಗಳು. ಪಿಸ್ಟನ್ನಿನ ಅಲ್ಯೂಮಿನಿಯಂ ಕರಗಿ ಪ್ಲಗ್ಗಿಗೆ ಅಂಟಿತ್ತು. ಎಂಜಿನ್ನಿನ ಮೇಲ್ಭಾಗದ ಹೆಡ್ ಇಳಿಸಿದೆ. ಪಿಸ್ಟನ್ ನೆತ್ತಿಯ ತೂತಿನಲ್ಲಿ ನನ್ನ ಕಿರುಬೆರಳು ಹೋಯಿತು.

"ಏನ್ ಮಾಡಿದ್ಯೋ?"

"ಗಬ್ಬೂರ ದಾಟಿದ ಮ್ಯಾಲ ಒಂದ್ಸಲ ಒತ್ತಿದ್ನ್ರಿ ಅಣ್ಣಾರ. ಒಂದ ಸಲ ಅಷ್ಟ."

ಗ್ಯಾಸ್ ಬಂತು, ಅದಕ್ಕೆ ತಕ್ಕ ಪೆಟ್ರೋಲ್ ಬರಲಿಲ್ಲ. ಫಿಲ್ಟರ್ ಕಟ್ಟಿತ್ತು, ಪಂಪ್ ಸೋತಿತ್ತು. ಲೀನ್ ಆಯ್ತು ಅಂತೀವಿ ನಾವು. ಕಾವು ಏರಿತು, ಸಿಲಿಂಡರಿನಲ್ಲಿ ಪೆಟ್ರೋಲ್ ತಾನಾಗಿ ಸಿಡಿಯುವ ನಾಕಿಂಗ್ ಶುರುವಾಯಿತು. ಆ ಕಟಕಟ ಸದ್ದು ಕೇಳಬೇಕಾದವನು ಹಾಡು ಹಚ್ಚಿಕೊಂಡಿದ್ದ. ಅಲ್ಯೂಮಿನಿಯಂ ಕರಗಲು 660 ಡಿಗ್ರಿ ಸಾಕು. ಪಿಸ್ಟನ್ ಉಳಿದರೆ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ, ಅದೂ ಉಳಿದರೆ ಕನೆಕ್ಟಿಂಗ್ ರಾಡ್, ಅದೂ ಉಳಿದರೆ ಕ್ಲಚ್. ಆರ್‌ಪಿಎಂ ಕಡಿಮೆ ಇದ್ದಾಗ ಒತ್ತಿದರೆ ಗಾಳಿ ಒಳಹೋಗುವ ಇನ್‌ಟೇಕಿನಲ್ಲೇ ಹತ್ತಿಕೊಂಡು ಅಲ್ಲಿನ ಕೊಳವೆ, ಅಂದರೆ ಮ್ಯಾನಿಫೋಲ್ಡ್, ಸಿಡಿಯಬಹುದು.

ಸ್ವಿಚ್ ಇಟ್ಟರೆ ಇದೆಲ್ಲ ಆಗುವುದಿಲ್ಲ ಅಂತಾರೆ ಸರ್. ಸ್ವಿಚ್ಚಿಗೆ ದುಡ್ಡು ಇದ್ದಿದ್ದರೆ ಆ ಹುಡುಗ ಪೆಟ್ರೋಲ್ ಫಿಲ್ಟರ್ ಬದಲಿಸುತ್ತಿದ್ದ.

ಇನ್ನು ಬಾಟಲಿ. 36.4 ಡಿಗ್ರಿ ದಾಟಿದರೆ ನೈಟ್ರಸ್ ಎಷ್ಟು ಒತ್ತಿದರೂ ದ್ರವವಾಗಿ ನಿಲ್ಲುವುದಿಲ್ಲ. ತುಂಬಿದ ಬಾಟಲಿಯಲ್ಲಿ ಒತ್ತಡ 1,050 ಪಿಎಸ್‌ಐ ಮೀರಿ ಏರುತ್ತಲೇ ಹೋಗುತ್ತದೆ. ನಿಮ್ಮ ಟಯರಿನಲ್ಲಿ ಇರುವುದು ಮೂವತ್ತರ ಆಸುಪಾಸು. ಏಪ್ರಿಲ್ ಬಿಸಿಲಿಗೆ ಕಾರು ಬಿಟ್ಟು ದುರ್ಗದ ಬೈಲಿನಲ್ಲಿ ಗಿರ್ಮಿಟ್ ತಿಂದು ಬನ್ನಿ, ಸ್ಟೇರಿಂಗ್ ಮುಟ್ಟಲಿಕ್ಕಾಗುತ್ತದಾ ನೋಡಿ. ಬಾಟಲಿಗೆ ಒತ್ತಡ ಮೀರಿದರೆ ತಾನೇ ಒಡೆಯುವ ಸೇಫ್ಟಿ ಡಿಸ್ಕ್ ಇರುತ್ತದೆ, ನಿಜ. ಅದು ಒಡೆದರೆ ಗ್ಯಾಸ್ ಎಲ್ಲಿಗೆ ಹೋಗಬೇಕು? ಹೊರಗೆ ಪೈಪ್ ಬಿಡದಿದ್ದರೆ ಕಾರಿನೊಳಗೇ. ಕಿಟಕಿ ಮುಚ್ಚಿದ್ದರೆ ಕೂತವರಿಗೆ ಉಸಿರಾಡಲು ಆಮ್ಲಜನಕ ಸಾಲುವುದಿಲ್ಲ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು ಅಂತ ಬರೆದಿದೆ.

ಸಂಜೆ ತಂದೆ ಬಂದರು. "ಎಣ್ಣಿ ಕಡಿಮಿ ಬಿದ್ದಿತ್ತೇನ್ರಿ?" ಅಂದರು. ಹುಡುಗ ನನ್ನ ಮುಖ ನೋಡಿದ. ನಾನು ಡಿಕ್ಕಿ ತೆಗೆದು ಬ್ಯಾಡಗಿ ಮೆಣಸಿನಕಾಯಿಯ ಖಾಲಿ ಚೀಲ ಎತ್ತಿದೆ.

"ಇದೇನ್ರಿ, ದವಾಖಾನಿ ಸಿಲಿಂಡರ್ ಇದ್ದಂಗ ಐತಿ?"

"ಯಜಮಾನ್ರ, ಗಾಡಿ ಆರ್‌ಸಿ ಯಾರ ಹೆಸರಿಲೆ ಐತ್ರಿ?"

"ನಂದ ಹೆಸರಿಲೆ. ಯಾಕ್ರಿ?"