ಆಪ್ಷನ್ ಎಂಟ್ರಿಗೆ ಮಾಮಾಗೂ ಒಂದು ಪಾಸ್‌ವರ್ಡ್ ಕೊಡಿ

ಕರ್ನಾಟಕ ಪರೀಕ್ಷಾ ಪ್ರಾಧಿಕಾರದವರ ವೆಬ್‌ಸೈಟ್‌ನಲ್ಲಿ ಒಂದು ದೊಡ್ಡ ಕೊರತೆ ಇದೆ. ಸಿಇಟಿ ಅನ್ನುವ ಪ್ರವೇಶ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು-ಬ್ರಾಂಚುಗಳ ಪಟ್ಟಿ ತುಂಬಲು ಅವರು ಒಂದೇ ಒಂದು ಲಾಗಿನ್ ಕೊಡುತ್ತಾರೆ. ಅದೂ ಯಾರಿಗೆ? ಪರೀಕ್ಷೆ ಬರೆದವರಿಗೆ! ಯಾವ ಕಾಲೇಜು, ಯಾವ ಬ್ರಾಂಚ್ ಅನ್ನುವಂಥ ದೊಡ್ಡವರ ವಿಷಯದಲ್ಲಿ ಹದಿನೆಂಟು ವರ್ಷದ ಹುಡುಗ ಹುಡುಗಿಯರಿಗೆ ಏನು ಕೆಲಸ? ಅವರು ಸುಮ್ನೆ ನಾಲ್ಕು ವರ್ಷ ಅಲ್ಲಿ ಹೋಗಿ ಓದುವವರು, ಅಷ್ಟೇ.

ಈ ಸೀಸನ್ನಿನಲ್ಲಿ ಹುಬ್ಬಳ್ಳಿಯ ವಿದ್ಯಾನಗರದ ಯಾವುದಾದರೂ ಮನೆಗೆ ಹೋಗಿ ನೋಡಿ. ಹಾಲ್‌ನಲ್ಲಿ ಲ್ಯಾಪ್‌ಟಾಪ್ ತೆರೆದಿರುತ್ತದೆ. ಅದರ ಸುತ್ತ ಕೇಶ್ವಾಪುರದ ಮಾಮಾ, ಗದಗಿನ ಅತ್ತಿ, ವಿಡಿಯೊ ಕಾಲ್‌ನಲ್ಲಿ ಬೆಂಗಳೂರಿನ ಕಾಕಾ, ಮತ್ತೆ ಯಾರ ಕಡೆಯ ಸಂಬಂಧಿ ಅಂತ ಯಾರಿಗೂ ಗೊತ್ತಿಲ್ಲದ, ಆದರೆ ‘ಇವ್ರಿಗೆ ಎಲ್ಲಾ ಗೊತ್ತೈತ್ರಿ’ ಅಂತ ಯಾರೋ ಕರೆತಂದ ಒಬ್ಬ ಹಿರಿಯರು. ಗಿರಮಿಟ್ ಬಂದಿರುತ್ತದೆ. ಮಿರ್ಚಿ ಬಂದಿರುತ್ತದೆ. ರ‍್ಯಾಂಕ್ ತೆಗೆದವಳು ಅಡುಗೆಮನೆಯಲ್ಲಿ ಚಹಾ ಸೋಸುತ್ತಿರುತ್ತಾಳೆ. ಆಗಾಗ ಅವಳನ್ನೂ ಹೊರಗೆ ಕರೆಯುತ್ತಾರೆ. ‘ಯವ್ವಾ, ನಿನ್ನ ಮೊಬೈಲಿಗೆ ಓಟಿಪಿ ಬಂತೇನು ನೋಡ.’ ಅವಳು ಆರು ಅಂಕಿ ಹೇಳಿ ಒಳಗೆ ಹೋಗುತ್ತಾಳೆ. ತನ್ನ ಭವಿಷ್ಯಕ್ಕೆ ಅವಳ ಕೊಡುಗೆ ಅಲ್ಲಿಗೆ ಮುಗಿಯಿತು.

ಈ ಸಭೆಯಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತು. ಹೋದ ವರ್ಷದ ಕಟ್ ಆಫ್ ಗೊತ್ತು. ಯಾವ ಕಾಲೇಜಿನ ಬಸ್ಸು ಯಾವ ಸ್ಟಾಪಿಗೆ ಬರುತ್ತದೆ ಅಂತ ಗೊತ್ತು. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಅಂಕ ಅರ್ಧ, ಸಿಇಟಿ ಅಂಕ ಅರ್ಧ ಅನ್ನುವುದು ಅತ್ತಿಗೆ ಬಾಯಿಪಾಠ. ಗೊತ್ತಿಲ್ಲದಿರುವುದು ಒಂದೇ. ಆ ಬ್ರಾಂಚಿನಲ್ಲಿ ಓದುವುದು ಏನನ್ನು? ಸಿಲೆಬಸ್ ಅನ್ನುವ ಒಂದು ಕಾಗದ ಇರುತ್ತದೆ, ಅದನ್ನು ಪುಕ್ಕಟೆ ಡೌನ್‌ಲೋಡ್ ಮಾಡಬಹುದು ಅಂತ ಯಾರಾದರೂ ಹೇಳಿ ನೋಡಿ. ಮಾಮಾ ನಿಮ್ಮನ್ನು ಕನಿಕರದಿಂದ ನೋಡುತ್ತಾರೆ. ‘ಸಿಲೆಬಸ್ ತಗೊಂಡ್ ಏನ್ ಮಾಡ್ತೀರಿ? ಪ್ಯಾಕೇಜ್ ಎಷ್ಟ್ ಕೊಡ್ತಾರ ನೋಡ್ರಿ.’

ಮಾಮಾನನ್ನು ಬೈಯುವ ಹಾಗೂ ಇಲ್ಲ. 2024ರಲ್ಲಿ ಪ್ರಾಧಿಕಾರವೇ ಸಿಇಟಿಯಲ್ಲಿ ಪಠ್ಯದಿಂದ ತೆಗೆದುಹಾಕಿದ ಭಾಗದ ಪ್ರಶ್ನೆಗಳನ್ನು ಕೇಳಿತ್ತು. ರಾಜ್ಯದ ತುಂಬ ಗಲಾಟೆ ಆಯಿತು. ಕೊನೆಗೆ ನಾಲ್ಕೂ ವಿಷಯ ಸೇರಿ 50 ಪ್ರಶ್ನೆಗಳನ್ನು ಕೈಬಿಟ್ಟು ಮೌಲ್ಯಮಾಪನ ಮಾಡಿದರು. ಒಂದು ವಿಷಯಕ್ಕೆ ಇರುವುದೇ 60 ಪ್ರಶ್ನೆ ಅನ್ನುವುದು ನೆನಪಿರಲಿ. ಪ್ರಶ್ನೆಪತ್ರಿಕೆ ತೆಗೆಯುವವರೇ ಸಿಲೆಬಸ್ ನೋಡಲಿಲ್ಲ ಅಂದಮೇಲೆ ಕೇಶ್ವಾಪುರದ ಮಾಮಾ ಯಾಕೆ ನೋಡಬೇಕು?

ಸರಿ, ಬ್ರಾಂಚಿಗೆ ಬರೋಣ. ಬ್ರಾಂಚ್ ಅಂದರೆ ಕಂಪ್ಯೂಟರ್ ಸೈನ್ಸ್. ಇದರ ಮೇಲೆ ಚರ್ಚೆ ಇಲ್ಲ. ಅದು ಸಿಗದಿದ್ದರೆ ಏನು ಅನ್ನುವುದಷ್ಟೇ ಚರ್ಚೆ. ಈ ಸಂಕಟ ನೋಡಿ ಕಾಲೇಜಿನವರಿಗೆ ಕರುಳು ಕರಗಿದೆ. ಎಲ್ಲರಿಗೂ ಕಂಪ್ಯೂಟರ್ ಸೈನ್ಸೇ ಸಿಗಲಿ ಅಂತ ಅದಕ್ಕೆ ಥರಾವರಿ ಹೆಸರು ಇಟ್ಟಿದ್ದಾರೆ. ಆರ್ಟಿಫಿಷಿಯಲ್ ಇಂಟೆಲಿಜೆನ್ಸ್ ಅಂಡ್ ಮಷಿನ್ ಲರ್ನಿಂಗ್. ಡೇಟಾ ಸೈನ್ಸ್. ಸೈಬರ್ ಸೆಕ್ಯುರಿಟಿ. ಇಂಟರ್‌ನೆಟ್ ಆಫ್ ಥಿಂಗ್ಸ್. ಕಂಪ್ಯೂಟರ್ ಸೈನ್ಸ್ ಅಂಡ್ ಬಿಸಿನೆಸ್ ಸಿಸ್ಟಮ್ಸ್. ಕಂಪ್ಯೂಟರ್ ಸೈನ್ಸ್ ಅಂಡ್ ಡಿಸೈನ್. ಬಾಣಲೆ ಒಂದೇ, ಹಿಟ್ಟು ಒಂದೇ, ಒಳಗೆ ಒಮ್ಮೆ ಮೆಣಸಿನಕಾಯಿ, ಒಮ್ಮೆ ಉಳ್ಳಾಗಡ್ಡಿ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2022ರ ಸ್ಕೀಮಿನಿಂದ, ಅಂದರೆ ಪಠ್ಯಕ್ರಮದಿಂದ, ಮೊದಲ ವರ್ಷದ ಪಾಠಗಳನ್ನು ಸ್ಟ್ರೀಮ್ ಪ್ರಕಾರ ಹಂಚಿದ್ದಾರೆ. ಹಾಗಾಗಿ ಈ ಕಂಪ್ಯೂಟರ್ ಮನೆತನದ ಮಕ್ಕಳೆಲ್ಲ ಮೊದಲ ವರ್ಷ ಹೆಚ್ಚುಕಡಿಮೆ ಅದೇ ಗಣಿತ, ಅದೇ ಪ್ರೋಗ್ರಾಮಿಂಗ್ ಓದುತ್ತಾರೆ. ಆದರೆ ಮನೆಯಲ್ಲಿ ಡೇಟಾ ಸೈನ್ಸ್ ಮೇಲಿರಬೇಕೋ ಎಐ ಮೇಲಿರಬೇಕೋ ಅಂತ ರಾತ್ರಿ ಹನ್ನೊಂದರವರೆಗೆ ಜಗಳ ನಡೆಯುತ್ತದೆ. ಎರಡಕ್ಕೂ ಏನು ವ್ಯತ್ಯಾಸ ಅಂತ ಕೇಳಿದರೆ ಕಾಕಾನ ನೆಟ್‌ವರ್ಕ್ ಹೋಗುತ್ತದೆ.

ಸಿವಿಲ್ ವಿಷಯ ಎತ್ತಬೇಡಿ. ಮೊನ್ನೆ ದೊಡ್ಡ ಮಳೆ ಬಂತು. ಧಾರವಾಡದ ಟೋಲ್‌ನಾಕಾ ಹತ್ತಿರ ಚಿಗರಿ ಬಸ್ಸುಗಳಿಗೇ ಮೀಸಲಾದ ಬಿಆರ್‌ಟಿಎಸ್ ದಾರಿಯಲ್ಲಿ ಯಾವಾಗಿನಂತೆ ನೀರು ನಿಂತಿತ್ತು. ಮಾಮಾ ಚಿಗರಿ ಬಸ್ಸು ಇಳಿದು, ಪ್ಯಾಂಟು ಮಡಚಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಈ ರಸ್ತೆ ಮಾಡಿದ ಎಂಜಿನಿಯರ್ ಯಾರು, ಅವನಿಗೆ ನೀರು ಯಾವ ಕಡೆ ಹರಿಯುತ್ತದೆ ಅಂತಾದರೂ ಗೊತ್ತಿದೆಯಾ, ಈ ದೇಶದಲ್ಲಿ ಒಬ್ಬನಾದರೂ ನೆಟ್ಟಗೆ ಕಲಿತ ಸಿವಿಲ್ ಎಂಜಿನಿಯರ್ ಇದ್ದಾನಾ ಅಂತ ಬೈಯುತ್ತಲೇ ಮನೆಗೆ ಬಂದರು. ಬಂದು ಕಾಲು ಒರೆಸಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತು ಹೇಳಿದ ಮೊದಲ ಮಾತು: ‘ಸಿವಿಲ್ ಎಲ್ಲಾ ತಗದ್ ಹಾಕ್ರಿ ಲಿಸ್ಟ್‌ನ್ಯಾಗಿಂದ.’

ಎಲೆಕ್ಟ್ರಿಕಲ್ ಕೂಡ ಹಾಗೇ. ಗದಗಿನ ಅತ್ತಿಯ ಊರ ಕಡೆ ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ಹಗಲೂ ರಾತ್ರಿ ತಿರುಗುತ್ತವೆ. ಅತ್ತಿ ಕೇಳಿದ್ದು: ‘ಹುಡುಗೀನ ಲೈನ್‌ಮ್ಯಾನ್ ಕೆಲಸಕ್ಕ ಕಳಸ್ತೀರೇನು?’ ಮೆಕ್ಯಾನಿಕಲ್ ಅಂದರೆ ಗ್ಯಾರೇಜು. ಮುಗಿಯಿತು.

ಬ್ರಾಂಚಿಗಿಂತ ಜಾಸ್ತಿ ರುಚಿಯಾದ ವಿಷಯ ಕೋಟಾ. ಇಲ್ಲಿ ಮಗುವಿನ ಭವಿಷ್ಯ ಬಿಟ್ಟು ಅದರ ಹಿಂದಿನ ಜನ್ಮದ ಲೆಕ್ಕ ಶುರುವಾಗುತ್ತದೆ. ಗ್ರಾಮೀಣ ಕೋಟಾ ಬೇಕಂದರೆ ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆಯಲ್ಲಿ ಓದಿರಬೇಕು. ಕನ್ನಡ ಮಾಧ್ಯಮದ ಕೋಟಾಕ್ಕೂ ಅದೇ ಹತ್ತು ವರ್ಷ. ಒಂದನೇ ಕ್ಲಾಸಿಗೇ ಇಂಗ್ಲಿಷ್ ಮೀಡಿಯಂ ಅಂತ ಸಾಲ ಮಾಡಿ ಫೀ ಕಟ್ಟಿ, ಮನೆಯಲ್ಲಿ ಕನ್ನಡ ಮಾತಾಡಿದರೆ ಮಗಳನ್ನು ಗದರಿಸುತ್ತಿದ್ದ ಅಪ್ಪ ಈಗ ಕುಂದಗೋಳ ಕಡೆಯ ತಮ್ಮ ಹಳ್ಳಿಯ ಸರ್ಕಾರಿ ಶಾಲೆಯನ್ನು ನೆನೆದು ಕಣ್ಣೀರು ಹಾಕುತ್ತಿದ್ದಾರೆ. ಕನ್ನಡದ ಮೇಲೆ ಅವರಿಗೆ ಇಂಥ ಪ್ರೀತಿ ಬಂದದ್ದನ್ನು ನಾನು ಯಾವ ರಾಜ್ಯೋತ್ಸವದಲ್ಲೂ ನೋಡಿಲ್ಲ.

ಗದಗಿನ ಅತ್ತಿಯ ದುಃಖ ಇನ್ನೂ ಆಳದ್ದು. ಕೊಪ್ಪಳ ಕಲ್ಯಾಣ ಕರ್ನಾಟಕಕ್ಕೆ ಸೇರಿದೆ. ಪಕ್ಕದ ಗದಗ ಸೇರಿಲ್ಲ. ಸಂವಿಧಾನದ 371(ಜೆ) ವಿಧಿಯ ಪ್ರಕಾರ ಆ ಭಾಗದ ಮಕ್ಕಳಿಗೆ ಅವರ ಜಿಲ್ಲೆಗಳ ಕಾಲೇಜುಗಳಲ್ಲಿ ಶೇ. 70 ಸೀಟು, ಉಳಿದ ಕರ್ನಾಟಕದಲ್ಲಿ ಶೇ. 8. ಆ ಭಾಗ ಎಷ್ಟು ವರ್ಷ ಹಿಂದೆ ಬಿದ್ದಿತ್ತು, ಯಾಕೆ ಈ ಮೀಸಲಾತಿ ಬಂತು ಅನ್ನುವುದು ಅತ್ತಿಗೆ ಬೇಡ. ಅತ್ತಿಗೆ ನೆನಪಾಗಿದ್ದು ಬೇರೆ. ‘ನನಗ ಕೊಪ್ಪಳದಾಂವ ಒಬ್ಬಾಂವ ನೋಡಾಕ ಬಂದಿದ್ದ. ನಮ್ಮಪ್ಪ ದೂರ ಆಕ್ಕೈತಿ ಅಂದು ಬ್ಯಾಡ ಅಂದ. ಅಂವನ್ನ ಮಾಡ್ಕೊಂಡಿದ್ರ ನನ್ನ ಮಕ್ಕಳಿಗೆ ಎಷ್ಟ್ ಅನುಕೂಲ ಆಗ್ತಿತ್ತು!’ ಎದುರಿಗೇ ಕೂತಿದ್ದ ಅತ್ತಿಯ ಗಂಡ ಮಿರ್ಚಿ ತಿನ್ನುವುದನ್ನು ನಿಲ್ಲಿಸಿದರು.

ಇದರ ಮೇಲೆ ಆರ್‌ಡಿ ನಂಬರ್. ಜಾತಿ-ಆದಾಯ ಪ್ರಮಾಣಪತ್ರದ ಮೇಲಿರುವ ಈ ನಂಬರನ್ನು ಅರ್ಜಿಯಲ್ಲಿ ತುಂಬಬೇಕು. ತುಂಬಿದರೆ ಹೆಸರು ತಾಳೆ ಆಗುವುದಿಲ್ಲ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಅಪ್ಪನ ಹೆಸರು ಮೊದಲು, ಪ್ರಮಾಣಪತ್ರದಲ್ಲಿ ಅಡ್ಡಹೆಸರು ಮೊದಲು. ನಮ್ಮ ಕಡೆಯ ಅಡ್ಡಹೆಸರುಗಳು ಬೇರೆ, ಮೆಣಸಿನಕಾಯಿ, ಉಳ್ಳಾಗಡ್ಡಿ, ಹಸರಂಗಡಿ! ಇಂಗ್ಲಿಷಿನಲ್ಲಿ ಒಬ್ಬೊಬ್ಬ ಗುಮಾಸ್ತ ಒಂದೊಂದು ಥರ ಬರೆದಿರುತ್ತಾನೆ. ನಾಡಕಚೇರಿಗೆ ಹೋದರೆ ಸರ್ವರ್ ಡೌನ್.

ಎಂಜಿನಿಯರಿಂಗ್ ಒಂದೇ ಹೀಗೆ ಅಂತ ಅಂದುಕೊಳ್ಳಬೇಡಿ. ಹಾವೇರಿ ಕಡೆಯ ಮನೆಗಳಲ್ಲಿ ಕಂಪ್ಯೂಟರಿನಷ್ಟೇ ಬೇಡಿಕೆ ಬಿಎಸ್ಸಿ ಅಗ್ರಿಗೆ. ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯ ಇದೆ, ಹನುಮನಮಟ್ಟಿಯಲ್ಲಿ ಅದರ ಕಾಲೇಜಿದೆ. ರೈತರ ಮಕ್ಕಳಿಗೆ ಕೃಷಿಕರ ಕೋಟಾ ಇದೆ. ಒಳ್ಳೆಯದೇ. ಆ ಕೋಟಾಕ್ಕೆ ಒಂದು ಪ್ರಾಯೋಗಿಕ ಪರೀಕ್ಷೆ. ಬೀಜ ಗುರುತಿಸು, ಗೊಬ್ಬರ ಗುರುತಿಸು, ಕಳೆ ಗುರುತಿಸು, ಉಪಕರಣದ ಹೆಸರು ಹೇಳು. ಹೊಲದಲ್ಲಿ ಬೆಳೆದ ಮಗುವಿಗೆ ನೀರು ಕುಡಿದಷ್ಟು ಸುಲಭ ಅಲ್ವಾ? ಆದರೆ ಅಪ್ಪ ಎರಡು ವರ್ಷದಿಂದ ಮಗನಿಗೆ ಹೇಳಿದ್ದು ಒಂದೇ ಮಾತು: ‘ನೀ ಹೊಲದ ಕಡೆ ಹಾಯಬ್ಯಾಡ, ಸಿಇಟಿಗೆ ಓದು.’ ಮಗ ಅಪ್ಪನ ಮಾತು ಕೇಳಿದ. ಈಗ ಅವನಿಗೆ ಹೆಸರುಕಾಳು ಯಾವುದು, ಉದ್ದು ಯಾವುದು ಅಂತ ಗೊತ್ತಿಲ್ಲ. ಹಾಗಾಗಿ ಪ್ರಾಕ್ಟಿಕಲ್ ಕೋಚಿಂಗ್! ಅಪ್ಪ ಬ್ಯಾಡಗಿ ಕಡೆಯ ಹೊಲದಲ್ಲಿ ಗೋವಿನಜೋಳ ಬಿತ್ತುತ್ತಿದ್ದಾನೆ. ಮಗ ಊರು ಬಿಟ್ಟು ಬಂದು, ರೂಮು ಮಾಡಿಕೊಂಡು, ಒಂದು ಎಸಿ ಹಾಲಿನಲ್ಲಿ ಕೂತು, ಪ್ಲಾಸ್ಟಿಕ್ ಚೀಲದಲ್ಲಿರುವ ಗೋವಿನಜೋಳವನ್ನು ಗೋವಿನಜೋಳ ಅಂತ ಗುರುತಿಸುವುದನ್ನು ಕಲಿಯುತ್ತಿದ್ದಾನೆ. ಫೀ ಎಲ್ಲಿಂದ ಬಂತು? ಹೋದ ವರ್ಷದ ಗೋವಿನಜೋಳ ಮಾರಿ.

ಇಷ್ಟೆಲ್ಲ ಆದಮೇಲೆ ಸೀಟು ಹಂಚಿಕೆ. ಮೊದಲು ಅಣಕು ಹಂಚಿಕೆ ಅಂತ ಒಂದು ನಡೆಯುತ್ತದೆ. ಅದು ನಿಜವಾದ ಸೀಟಲ್ಲ, ಸುಮ್ನೆ ಅಂದಾಜು. ಆದರೂ ಅದಕ್ಕೇ ಪೇಢೆ ಹಂಚಿದವರನ್ನು ನಾನು ನೋಡಿದ್ದೇನೆ. ಆಮೇಲೆ ನಿಜವಾದ ರೌಂಡ್. ಪ್ರಾಧಿಕಾರ ನಾಲ್ಕು ಚಾಯ್ಸ್ ಕೊಡುತ್ತದೆ. ಒಂದು: ಸೀಟು ಒಪ್ಪಿಗೆ, ಸೇರುತ್ತೇನೆ. ಎರಡು: ಒಪ್ಪಿಗೆ, ಆದರೆ ಇದಕ್ಕಿಂತ ಮೇಲಿನದು ಸಿಕ್ಕರೆ ಅದು ಬೇಕು. ಮೂರು: ಒಪ್ಪಿಗೆ ಇಲ್ಲ, ಮುಂದಿನ ರೌಂಡ್ ನೋಡುತ್ತೇನೆ. ನಾಲ್ಕು: ನನಗೆ ನಿಮ್ಮ ಸಹವಾಸವೇ ಬೇಡ. ನಮ್ಮ ಮನೆಗಳ ನಿಜಸ್ಥಿತಿ ಗೊತ್ತಿದ್ದರೆ ಅವರು ಐದನೆಯದನ್ನೂ ಸೇರಿಸುತ್ತಿದ್ದರು: ಮಾಮಾಗೆ ಒಪ್ಪಿಗೆ, ಅತ್ತಿಗೆ ಅರ್ಧ ಒಪ್ಪಿಗೆ, ಕಾಕಾ ಮೀಟಿಂಗಿನಲ್ಲಿದ್ದಾನೆ, ಹುಡುಗಿಗೆ ಇನ್ನೂ ಹೇಳಿಲ್ಲ.

ಹಾಗಾಗಿ ನನ್ನ ಬೇಡಿಕೆ ಇಷ್ಟೇ. ಮಾಮಾಗೆ ಒಂದು ಪ್ರತ್ಯೇಕ ಲಾಗಿನ್ ಕೊಡಿ. ಅತ್ತಿಗೆ ಒಂದು ಕೊಡಿ. ಓಟಿಪಿ ನೇರವಾಗಿ ಅವರಿಗೇ ಹೋಗಲಿ. ಸೆಮಿಸ್ಟರ್ ಪರೀಕ್ಷೆಗೂ ಅವರ ಹೆಸರಿನಲ್ಲೇ ಹಾಲ್ ಟಿಕೆಟ್ ಬರಲಿ. ಎಂ-3 (ಮೂರನೇ ಸೆಮಿಸ್ಟರಿನ ಗಣಿತ) ಪೇಪರಿನಲ್ಲಿ ಫೇಲಾಗಿ ಬ್ಯಾಕ್ ಉಳಿದರೆ ಕೇಶ್ವಾಪುರದ ಮಾಮಾ ಬಂದು ಬರೆಯಲಿ.

ಅಂದಹಾಗೆ ಆ ಹುಡುಗಿಗೆ ಏನು ಬೇಕಿತ್ತು ಅಂತ ನೀವು ಕೇಳಲಿಲ್ಲ. ಪರವಾಗಿಲ್ಲ, ಅಲ್ಲಿಯೂ ಯಾರೂ ಕೇಳಲಿಲ್ಲ. ಚಹಾ ಕೊಡಲು ಬಂದಾಗ ತಾನಾಗಿಯೇ ಹೇಳಿದಳು. ಅವಳಿಗೆ ಇತಿಹಾಸ ಇಷ್ಟ. ಗದಗಿಗೆ ಹೋದಾಗಲೆಲ್ಲ ಲಕ್ಕುಂಡಿಗೆ ಹೋಗಿ ಆ ಗುಡಿಗಳನ್ನು, ಬಾವಿಗಳನ್ನು ನೋಡಿಕೊಂಡು ಬರುತ್ತಾಳೆ. ಧಾರವಾಡದಲ್ಲಿ 1917ರಿಂದ ಇರುವ ಕರ್ನಾಟಕ ಕಾಲೇಜಿನಲ್ಲಿ ಬಿಎ ಮಾಡಬೇಕು ಅಂತ ಆಸೆ. ಎರಡು ಸೆಕೆಂಡ್ ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲರೂ ಜೋರಾಗಿ ನಕ್ಕರು. ಪಿಸಿಎಂಬಿ ಮಾಡಿ ಬಿಎನಾ? ಹಿರಿಯರು ಮಾತ್ರ ಗಂಭೀರವಾಗಿ ಒಂದು ಆಕ್ಷೇಪ ಎತ್ತಿದರು: ಡಿಗ್ರಿ ಎಷ್ಟು ವರ್ಷದ್ದು ಅನ್ನುವುದೇ ಖಾತ್ರಿ ಇಲ್ಲ. ಅದೊಂದು ಮಾತು ನಿಜ. 2021-22ರಲ್ಲಿ ಆನರ್ಸ್ ಅಂತ ನಾಲ್ಕು ವರ್ಷದ ವ್ಯವಸ್ಥೆ ತಂದರು, 2024-25ಕ್ಕೆ ಮತ್ತೆ ಮೂರು ವರ್ಷ ಅಂದರು. ನಡುವಿನ ಬ್ಯಾಚುಗಳ ಮೇಲೆ ಪ್ರಯೋಗ ಮುಗಿಯಿತು.

ಹುಡುಗಿಗೆ ಡೇಟಾ ಸೈನ್ಸ್ ಸಿಕ್ಕಿತು. ಎಲ್ಲರಿಗೂ ಖುಷಿ.

ಮಾಮಾನ ಹಿರಿಯ ಮಗನ ಕಥೆಯನ್ನೂ ಹೇಳಿಬಿಡುತ್ತೇನೆ. ಅವನೂ ಹೀಗೇ ಹಾಲ್‌ನಲ್ಲಿ ತೀರ್ಮಾನವಾದ ಬ್ರಾಂಚಿನಲ್ಲಿ ಎಂಜಿನಿಯರಿಂಗ್ ಮುಗಿಸಿದ. ಈಗ ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಕೆಎಎಸ್‌ಗೆ ತಯಾರಿ ಮಾಡುತ್ತಿದ್ದಾನೆ. ಬೆಳಿಗ್ಗೆ ಕೋಚಿಂಗ್, ಮಧ್ಯಾಹ್ನ ಲೈಬ್ರರಿ, ರಾತ್ರಿ ಜೆರಾಕ್ಸ್ ನೋಟ್ಸ್. ಏನು ಓದುತ್ತಿದ್ದಾನೆ ಅಂತ ಕೇಳಿದೆ. ಕಲ್ಯಾಣದ ಚಾಲುಕ್ಯರು ಅಂದ. ಲಕ್ಕುಂಡಿಯ ಗುಡಿಗಳನ್ನು ಯಾವ ಕಲ್ಲಿನಲ್ಲಿ ಕಟ್ಟಿದ್ದಾರೆ ಅಂತ ಉರು ಹೊಡೆಯುತ್ತಿದ್ದ. ಆ ರೂಮಿನ ನಾಲ್ಕೂ ಹುಡುಗರು ಬಿಇ.

ಇದನ್ನು ಮಾಮಾನ ಮುಂದೆ ಮೆಲ್ಲಗೆ ಇಟ್ಟೆ. ಅದೇ ಇತಿಹಾಸ ಓದಲು ನಾಲ್ಕು ವರ್ಷ ಮತ್ತು ಅಷ್ಟೊಂದು ದುಡ್ಡು ಯಾಕೆ ಬೇಕಿತ್ತು ಅಂತ. ಮಾಮಾಗೆ ಒಂಚೂರೂ ಮುಜುಗರ ಆಗಲಿಲ್ಲ.

‘ಅದು ಬ್ಯಾರೆ, ಇದು ಬ್ಯಾರೆ. ಬಿಎ ಮಾಡಿ ಇತಿಹಾಸ ಓದಿದ್ರ ಏನ್ ಕಿಮ್ಮತ್ತೈತಿ? ಎಂಜಿನಿಯರಿಂಗ್ ಮಾಡಿ ಓದಿದ್ರ ಅದಕ್ಕೊಂದು ತೂಕ ಇರತೈತಿ.’